ಹದಿನೈದನೆಯ ಸದಸ್ಯರಿಗೆ ಕೋರ್ಟಿನಲ್ಲಿ ಜಾಗ ಎಲ್ಲಿದೆ?

ಪ್ರಶ್ನೆ: ನಮ್ಮದು ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರ. ತಾಲ್ಲೂಕು ಕ್ರೀಡಾಂಗಣದ ಮೂಲೆಯಲ್ಲಿ ಎರಡು ಟೆನಿಸ್ ಕೋರ್ಟುಗಳಿವೆ, ಒಂದು ಮಣ್ಣಿನದು, ಇನ್ನೊಂದು ಸಿಮೆಂಟಿನದು. ಸಂಘದಲ್ಲಿ 14 ಜನ ಇದ್ದೇವೆ. ಹೆಚ್ಚಿನವರು 45 ದಾಟಿದವರು, ಬೆಳಿಗ್ಗೆ 6ರಿಂದ 8ರವರೆಗೆ ಆಡುತ್ತೇವೆ. ಸಂಘ ಇನ್ನೂ ನೋಂದಣಿಯಾಗಿಲ್ಲ. ಕಳೆದ ವರ್ಷ ಓಪನ್ ಟೂರ್ನಿ ನಡೆಸಿದೆವು. 32 ಎಂಟ್ರಿ ಬಂತು, ಆದರೆ ಒಬ್ಬ ಹೊಸ ಸದಸ್ಯರೂ ಸೇರಲಿಲ್ಲ. ಮಕ್ಕಳಿಗೆಂದು ಕೋಚ್ ಇಟ್ಟೆವು, ನಾಲ್ಕು ತಿಂಗಳಲ್ಲಿ ಬಿಟ್ಟು ಹೋದರು. ಎಲ್ಲ ಕೆಲಸವೂ ಕಾರ್ಯದರ್ಶಿಯೊಬ್ಬರ ಮೇಲೇ ಬಿದ್ದಿದೆ. ಸಂಬಳವಿಲ್ಲದೆ ದುಡಿಯುವ ನಾವೇ ಸಂಘವನ್ನು ಬೆಳೆಸುವುದು ಹೇಗೆ? ಮೊದಲು ಲೈಟ್ ಹಾಕಿಸಬೇಕೆ?

ಉತ್ತರ: ಟೂರ್ನಿಯಿಂದ ಸದಸ್ಯರು ಬರದಿದ್ದುದು ಸಹಜವೇ. 32 ಜನರ ನಾಕೌಟ್‌ನಲ್ಲಿ ಮೊದಲ ಸುತ್ತಿಗೇ 16 ಜನ ಬ್ಯಾಗು ಹೆಗಲಿಗೇರಿಸಿಕೊಂಡು ಬಸ್ ಸ್ಟ್ಯಾಂಡಿಗೆ ಹೋಗುತ್ತಾರೆ. ಎಂಟ್ರಿ ಕೊಡುವವರು ಆಗಲೇ ಆಟ ಬಲ್ಲವರು, ಬಹುಪಾಲು ಬೇರೆ ಊರಿನವರು. ನಿಮ್ಮ ಊರಿನವರು ಜಾಲರಿಯ ಹೊರಗೆ ನಿಂತು ನೋಡಿ, ಇದು ಬಲ್ಲವರ ಆಟ ಅಂದುಕೊಂಡು ಮನೆಗೆ ಹೋದರು.

ನಿಮ್ಮ ಸಂಘ ಬೆಳೆಯದಿರುವುದಕ್ಕೆ ಇನ್ನೂ ಸರಳವಾದ ಕಾರಣವೊಂದಿದೆ. ಎರಡು ಕೋರ್ಟಿನಲ್ಲಿ ಡಬಲ್ಸ್ ಆಡಿದರೆ ಒಮ್ಮೆಗೆ ಎಂಟು ಜನ. ಬೆಳಗಿನ ಎರಡು ಗಂಟೆ 14 ಜನಕ್ಕೆ ಸರಿಯಾಗುತ್ತದೆ. ಹೊಸಬರೊಬ್ಬರು ರ‍್ಯಾಕೆಟ್ ಹಿಡಿದು ಬಂದರೆ ಅವರು ಬೆಂಚಿನ ಮೇಲೆ ಕೂರಬೇಕು, ಇಲ್ಲವೇ ಹಳಬರೊಬ್ಬರು ತಮ್ಮ ಸರದಿ ಬಿಟ್ಟುಕೊಡಬೇಕು. ನಾಲ್ಕು ದಿನ ಬಿಟ್ಟುಕೊಟ್ಟಾರು, ಐದನೆಯ ದಿನ ಇಬ್ಬರಿಗೂ ಬೇಸರ. ಯಾರ ಮನಸ್ಸೂ ಕೆಟ್ಟದ್ದಲ್ಲ, ಹದಿನೈದನೆಯವರಿಗೆ ಜಾಗವೇ ಇಲ್ಲ ಅಷ್ಟೆ. ಆದ್ದರಿಂದ ಮೊದಲ ಕೆಲಸ ಕೋರ್ಟ್-ಗಂಟೆಗಳ ಲೆಕ್ಕ. ಬೆಳಿಗ್ಗೆ 6ರಿಂದ 8, ಸಂಜೆ 4:30ರಿಂದ 6:30, ಎರಡು ಕೋರ್ಟು, ಏಳು ದಿನ: ಒಟ್ಟು 56 ಗಂಟೆ. ನೀವು ಬಳಸುತ್ತಿರುವುದು ಹೆಚ್ಚೆಂದರೆ 28. ಉಳಿದರ್ಧ ಖಾಲಿ ಬಿದ್ದಿದೆ, ಅದೂ ಬಿಸಿಲಿಳಿದ ಹೊತ್ತಿನಲ್ಲಿ. ಬೆಳಗಿನ ಆಟವನ್ನು ಮುಟ್ಟಬೇಡಿ. ಹಳಬರ ಹೊತ್ತಿಗೆ ಕೈ ಹಾಕಿದರೆ ಸಂಘದೊಳಗೇ ಜಗಳ ಹತ್ತುತ್ತದೆ, ಮುಂದಿನ ಯಾವ ಕೆಲಸಕ್ಕೂ ಜನ ಸಿಗುವುದಿಲ್ಲ. ಸಂಜೆಯನ್ನು ಹೊಸಬರ ಹೆಸರಿಗೆ ಬರೆದು, ಆ ವೇಳಾಪಟ್ಟಿಯನ್ನು ಗೇಟಿಗೆ ತೂಗುಹಾಕಿ.

ಶುರು ಮಾಡಲು 6ರಿಂದ 10 ವರ್ಷದ ಮಕ್ಕಳು ಒಳ್ಳೆಯ ಗುಂಪು. ಮಕ್ಕಳ ಹಿಂದೆ ತಂದೆತಾಯಿ ಬರುತ್ತಾರೆ, ಮುಂದೆ ಸಂಘದ ಕೆಲಸಕ್ಕೆ ಕೈಗಳು ಸಿಗುವುದೂ ಅಲ್ಲೇ. ಈ ವಯಸ್ಸಿಗೆ ಹಳದಿ ಚೆಂಡು ಬೇಡ. ಸಿಮೆಂಟಿನ ಮೇಲೆ ಅದು ಪುಟಿದು ಮಗುವಿನ ತಲೆಯ ಮೇಲೆ ಹಾರುತ್ತದೆ, ಮಗು ಹಿಂದೆ ಹಿಂದೆ ಓಡುತ್ತದೆ, ಹೊಡೆತ ಕಲಿಯುವುದಿಲ್ಲ. ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ (ಐಟಿಎಫ್) 2012ರಿಂದ ಹತ್ತು ವರ್ಷದೊಳಗಿನವರ ಪಂದ್ಯಗಳಲ್ಲಿ ಮಾಮೂಲಿ ಹಳದಿ ಚೆಂಡನ್ನು ನಿಯಮದಿಂದಲೇ ಕೈಬಿಟ್ಟಿದೆ. ಅದರ ಬದಲು ಮೂರು ಹಂತಗಳಿವೆ. ಕೆಂಪು ಚೆಂಡು ಮಾಮೂಲಿಗಿಂತ ಸುಮಾರು 75 ಪ್ರತಿಶತ ನಿಧಾನ, ಕಿತ್ತಳೆ 50, ಹಸಿರು 25. ಕೆಂಪಿಗೆ ಸುಮಾರು 11 ಮೀಟರ್ ಉದ್ದ, 5.5 ಮೀಟರ್ ಅಗಲದ ಚಿಕ್ಕ ಕೋರ್ಟ್ ಸಾಕು. ಕಿತ್ತಳೆಗೆ 18 ಮೀಟರ್ ಉದ್ದ, ಹಸಿರಿಗೆ ಪೂರ್ತಿ ಕೋರ್ಟು.

ಚಿಕ್ಕ ಕೋರ್ಟನ್ನು ಹೊಸದಾಗಿ ಕಟ್ಟಿಸಬೇಕಿಲ್ಲ. ಡಬಲ್ಸ್ ಕೋರ್ಟಿನ ಅಗಲ 10.97 ಮೀಟರ್. ಎರಡು ಪಕ್ಕದ ಡಬಲ್ಸ್ ಗೆರೆಗಳೇ ಚಿಕ್ಕ ಕೋರ್ಟಿನ ಹಿಂಗೆರೆಗಳಾಗುತ್ತವೆ, ಮಕ್ಕಳು ಅಡ್ಡಡ್ಡ ಆಡುತ್ತಾರೆ. ನೆಟ್‌ನ ಒಂದೊಂದು ಬದಿಗೆ ಎರಡೆರಡರಂತೆ ಒಂದೇ ಕೋರ್ಟಿನಲ್ಲಿ ನಾಲ್ಕು ಚಿಕ್ಕ ಕೋರ್ಟು. ನೆಟ್‌ಗೆ ಹತ್ತಿರದ ಚಿಕ್ಕ ಕೋರ್ಟನ್ನು ನೆಟ್‌ನಿಂದ ಒಂದು ಹೆಜ್ಜೆ ಬಿಟ್ಟು ಗುರುತಿಸಿ. ಎರಡನೆಯದನ್ನು ದೊಡ್ಡ ಕೋರ್ಟಿನ ಹಿಂಗೆರೆ ದಾಟಿ ಒಂದೂವರೆ ಮೀಟರ್ ಹಿಂದಕ್ಕೆ ಸರಿಸಿ, ಪಕ್ಕಪಕ್ಕದ ಮಕ್ಕಳು ಡಿಕ್ಕಿ ಹೊಡೆಯದಿರಲಿ. ಗೆರೆಗೆ ಸೀಮೆಸುಣ್ಣ ಸಾಕು. ಚಿಕ್ಕ ನೆಟ್‌ಗೆ ದೊಡ್ಡ ನೆಟ್‌ನ ನಡುಪಟ್ಟಿಯಿಂದ ಹಿಂದಿನ ಜಾಲರಿಯವರೆಗೆ ನೈಲಾನ್ ಹಗ್ಗ ಎಳೆಯಿರಿ, ಎತ್ತರ 80 ಸೆಂಟಿಮೀಟರ್. ಸುಮಾರು 18 ಮೀಟರ್ ಉದ್ದದ ಹಗ್ಗ ನಡುವೆ ಜೋಲುವುದು ಖಂಡಿತ, ಎರಡು ಕಡೆ ಪ್ಲಾಸ್ಟಿಕ್ ಕುರ್ಚಿ ಇಟ್ಟು ಅದರ ಬೆನ್ನಿಗೆ ಕಟ್ಟಿ. ಹಗ್ಗ ಕಣ್ಣಿಗೆ ಕಾಣುವಂತೆ ಬಣ್ಣದ ಬಟ್ಟೆಚೂರುಗಳನ್ನು ಇಳಿಬಿಡಿ; ಬರೀ ಹಗ್ಗವಾದರೆ ಚೆಂಡು ಮೇಲಿಂದ ಹೋಯಿತೋ ಕೆಳಗಿಂದ ಹೋಯಿತೋ ಎಂಬ ಜಗಳವೇ ಗಂಟೆ ನುಂಗುತ್ತದೆ.

ನಾಲ್ಕು ಚಿಕ್ಕ ಕೋರ್ಟಿಗೆ 16 ಮಕ್ಕಳು, ಮೂವರು ದೊಡ್ಡವರು, 24 ಕೆಂಪು ಚೆಂಡು, ಸಂಘದ ಖರ್ಚಿನಲ್ಲಿ 21 ಮತ್ತು 23 ಇಂಚಿನ ಹತ್ತು ರ‍್ಯಾಕೆಟ್. ಮಗು ನೇರ ನಿಂತು ಕೈ ಇಳಿಬಿಟ್ಟು ರ‍್ಯಾಕೆಟ್ ಹಿಡಿದಾಗ ಅದರ ತುದಿ ನೆಲಕ್ಕೆ ಸೋಕುವಂತಿದ್ದರೆ ಅಳತೆ ಸರಿ. ಅಪ್ಪನ 27 ಇಂಚಿನ ರ‍್ಯಾಕೆಟ್ ಕೊಟ್ಟರೆ ಮಣಿಕಟ್ಟು ನೋಯುತ್ತದೆ, ಮಗು ಎರಡನೆಯ ವಾರಕ್ಕೆ ಬರುವುದಿಲ್ಲ. ವಾರಕ್ಕೆ ಎರಡು ದಿನ, ಒಂದೊಂದು ಗಂಟೆ, ಎಂಟು ವಾರದ ಬ್ಯಾಚ್. ಕೊನೆಯ 20 ನಿಮಿಷ ಪ್ರತಿದಿನವೂ ಅಂಕ ಎಣಿಸಿ ಆಡುವ ಆಟ ಇರಲೇಬೇಕು.

ನಮ್ಮ ಊರುಗಳಲ್ಲಿ ಎಲ್ಲ ಕಡೆ ಕಾಣುವ ತಪ್ಪು, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಬುಟ್ಟಿಯಿಂದ ಚೆಂಡು ಎಸೆಯುವುದು. 16 ಮಕ್ಕಳ ಸಾಲಿಗೆ ಐದು ಸೆಕೆಂಡಿಗೊಂದು ಚೆಂಡು ಎಸೆದರೂ ಒಂದು ಮಗುವಿಗೆ ಸರದಿ ಬರಲು 80 ಸೆಕೆಂಡು ಬೇಕು. ಉಳಿದ ಹೊತ್ತೆಲ್ಲ ಮಣ್ಣು ಕೆದಕುವುದು, ಪಕ್ಕದವನನ್ನು ತಳ್ಳುವುದು. ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿ. ಮೊದಲು ಕೈಯಿಂದ ಎಸೆದು ಹಿಡಿಯಲಿ, ಆಮೇಲೆ ಒಬ್ಬರು ಎಸೆದದ್ದನ್ನು ಇನ್ನೊಬ್ಬರು ಹೊಡೆಯಲಿ, ಆಮೇಲೆ ಇಬ್ಬರೂ ಹೊಡೆಯಲಿ. ನಾಲ್ಕು ಸಲ ಚೆಂಡು ಅತ್ತಿತ್ತ ಹೋದ ದಿನ ಆ ಮಗು ಮನೆಗೆ ಹೋಗಿ ಟೆನಿಸ್ ಆಡಿದೆ ಎನ್ನುತ್ತದೆ. ಇದನ್ನು ನಡೆಸಲು ಕೋಚ್ ಬೇಕಿಲ್ಲ, ತಾಳ್ಮೆಯಿರುವ ಮೂವರು ಸದಸ್ಯರು ಸಾಕು.

ಒಂದು ವಿಷಯದಲ್ಲಿ ಮಾತ್ರ ಸಡಿಲ ಬೇಡ. ಮಕ್ಕಳ ಹೊತ್ತಿನಲ್ಲಿ ಯಾವಾಗಲೂ ಇಬ್ಬರು ದೊಡ್ಡವರು ಇರಬೇಕು. ಮಕ್ಕಳಿಗೆ ನೇರವಾಗಿ ಮೆಸೇಜ್ ಕಳಿಸುವಂತಿಲ್ಲ, ಎಲ್ಲವೂ ತಂದೆತಾಯಿಯ ಗ್ರೂಪಿನಲ್ಲಿ. ಪ್ರತಿ ಮಗುವಿನ ಮನೆಯ ಫೋನ್ ನಂಬರು, ಅಸ್ತಮಾ ಮೊದಲಾದ ತೊಂದರೆಗಳ ವಿವರ ಒಂದು ಪುಸ್ತಕದಲ್ಲಿ ಬರೆದು ಕೋರ್ಟಿನಲ್ಲೇ ಇಡಿ. ಇದನ್ನು ಬರೆಹದ ನಿಯಮವಾಗಿ ಮೊದಲ ದಿನವೇ ಎಲ್ಲರಿಗೂ ಓದಿ ಹೇಳಿ.

ದೊಡ್ಡವರಿಗೂ ಆರು ವಾರದ ಶುರುವಿನ ಬ್ಯಾಚ್ ಮಾಡಿ, ಅಲ್ಲೂ ಮೊದಮೊದಲು ಕಿತ್ತಳೆ, ಆಮೇಲೆ ಹಸಿರು ಚೆಂಡು. ದೊಡ್ಡವರಿಗೆ ನಿಧಾನದ ಚೆಂಡು ಕೊಡಲು ಹಳಬರು ಸಂಕೋಚಪಡುತ್ತಾರೆ, ಪಡಬೇಕಾಗಿಲ್ಲ. ಮೊದಲ ದಿನವೇ ರ‍್ಯಾಲಿ ಆದರೆ, ಅಂದರೆ ಚೆಂಡು ನಾಲ್ಕಾರು ಸಲ ಅತ್ತಿತ್ತ ಹೋದರೆ, ಎರಡನೆಯ ದಿನ ಬರುತ್ತಾರೆ. ವಯಸ್ಸಾಯಿತು ಎನ್ನುವವರಿಗೆ ಹೇಳಲು ಕೊಡಗಿನ ಉದಾಹರಣೆಯೇ ಇದೆ: 2024ರ ಜನವರಿಯಲ್ಲಿ ರೋಹನ್ ಬೋಪಣ್ಣ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಅವರಿಗೆ 43 ವರ್ಷ. ಹೆಂಗಸರು ಬರುತ್ತಿಲ್ಲ ಎಂದರೆ ಮೊದಲು ಹೊತ್ತು ನೋಡಿ. ಬೆಳಿಗ್ಗೆ 6ರಿಂದ 8 ಮನೆಯಲ್ಲಿ ತಿಂಡಿ, ಡಬ್ಬಿ, ಶಾಲೆಯ ಗಡಿಬಿಡಿ. ಮಕ್ಕಳನ್ನು ಶಾಲೆಗೆ ಕಳಿಸಿದ ಮೇಲಿನ ಒಂದು ಗಂಟೆ, ಅಥವಾ ಮಕ್ಕಳ ಬ್ಯಾಚ್ ನಡೆಯುವಾಗಲೇ ಪಕ್ಕದ ಮಣ್ಣಿನ ಕೋರ್ಟು ಅವರಿಗೆ ಹೊಂದುತ್ತದೆ. ಆಮೇಲೆ ಶೌಚಾಲಯ. ಕ್ರೀಡಾಂಗಣದ ಶೌಚಾಲಯಕ್ಕೆ ಬೀಗ ಬಿದ್ದಿದ್ದರೆ, ನೀರಿಲ್ಲದಿದ್ದರೆ, ಬೇರೆ ಯಾವ ಉಪಾಯವೂ ನಡೆಯದು.

ಏಳನೆಯ ವಾರ ಏನು ಮಾಡುತ್ತೀರಿ ಎಂಬುದನ್ನು ಮೊದಲೇ ಯೋಚಿಸಿರಬೇಕು. ಬ್ಯಾಚ್ ಮುಗಿಸಿದವರು ಬೆಳಗಿನ ಗುಂಪಿಗೆ ಹೊಂದುವುದಿಲ್ಲ, ಬೇರೆ ಆಟ ಕಾಣದೆ ಕರಗಿಹೋಗುತ್ತಾರೆ. ಇದಕ್ಕೆ ಶನಿವಾರ ಸಂಜೆಯ ಅದಲುಬದಲು ಡಬಲ್ಸ್ ಮದ್ದು. 12 ಜನ, ಎರಡು ಕೋರ್ಟು, 15 ನಿಮಿಷದ ಆರು ಸುತ್ತು, ಒಟ್ಟು ಒಂದೂವರೆ ಗಂಟೆ. ಪ್ರತಿ ಸುತ್ತಿಗೆ ಎಂಟು ಜನ ಆಡಿ ನಾಲ್ವರು ಕುಳಿತರೆ ಎಲ್ಲರಿಗೂ ನಾಲ್ಕು ನಾಲ್ಕು ಸುತ್ತು ಸಿಗುತ್ತದೆ. ಪ್ರತಿ ಜೋಡಿಯಲ್ಲಿ ಒಬ್ಬರು ಹಳಬರು, ಒಬ್ಬರು ಹೊಸಬರು, ಜೋಡಿ ಪ್ರತಿ ಸುತ್ತಿಗೂ ಬದಲು. ಗೆದ್ದ ಗೇಮ್‌ಗಳನ್ನು ಅವರವರ ಹೆಸರಿನ ಮುಂದೆ ಬರೆಯಿರಿ. ಡ್ಯೂಸ್ (40-40) ಆದರೆ ಒಂದೇ ಪಾಯಿಂಟಿಗೆ ಗೇಮ್ ಮುಗಿಸಿ. ಸೀಟಿ ಊದಿದ ಕೂಡಲೇ ಸುತ್ತು ಮುಗಿಯಬೇಕು. ಈ ಒಂದು ಗೇಮ್ ಆಡಿಬಿಡೋಣ ಎಂದು ಎಳೆದರೆ ಕಾಯುವವರು ಮೂರನೆಯ ಶನಿವಾರ ಬರುವುದಿಲ್ಲ.

ಈಗ ಕಾರ್ಯದರ್ಶಿಗಳ ವಿಷಯ. ಇಷ್ಟೆಲ್ಲ ಹೊಸ ಕೆಲಸವನ್ನೂ ಅವರ ತಲೆಗೇ ಕಟ್ಟಿದರೆ ಅವರು ಬಿಟ್ಟ ದಿನ ಸಂಘವೂ ನಿಲ್ಲುತ್ತದೆ. ಅವರು ಒಂದು ವಾರದಲ್ಲಿ ಮಾಡುವುದನ್ನೆಲ್ಲ ಕಾಗದದ ಮೇಲೆ ಬರೆಯಿಸಿ: ಗೇಟಿನ ಬೀಗ, ಚೆಂಡು ತರಿಸುವುದು, ಚಂದಾ ವಸೂಲಿ, ಇಲಾಖೆಗೆ ಪತ್ರ, ಗ್ರೂಪಿನಲ್ಲಿ ಸಂದೇಶ, ನೆಟ್ ರಿಪೇರಿ, ನೀರು, ರೋಲರ್. ಇದರಲ್ಲಿ ನೀರು ಹಾಯಿಸುವುದು ಮತ್ತು ರೋಲರ್ ಎಳೆಯುವುದಕ್ಕೆ ಕೂಲಿ ಕೊಟ್ಟು ಆಳು ಇಡಿ; ದಿನಾ ಮಾಡುವ ಮೈಕೆಲಸವನ್ನು ಸ್ವಯಂಸೇವೆಯ ಹೆಸರಿನಲ್ಲಿ ಯಾರೂ ವರ್ಷಗಟ್ಟಲೆ ಮಾಡುವುದಿಲ್ಲ. ಉಳಿದದ್ದನ್ನು ವಾರಕ್ಕೆ ಎರಡು ಗಂಟೆ ಮೀರದ ತುಂಡುಗಳಾಗಿ ಮಾಡಿ, ಒಂದೊಂದಕ್ಕೂ ಆರು ತಿಂಗಳ ಅವಧಿ ಹಾಕಿ. ಗ್ರೂಪಿನಲ್ಲಿ 'ಯಾರಾದರೂ ಮುಂದೆ ಬನ್ನಿ' ಎಂದು ಹಾಕಿದರೆ ಯಾರೂ ಬರುವುದಿಲ್ಲ. ಎದುರು ನಿಂತು ಕೇಳಿ: 'ಮೇಷ್ಟ್ರೇ, ಜೂನ್‌ವರೆಗೆ ಶನಿವಾರ ಸಂಜೆ ಡಬಲ್ಸ್ ಹಾಳೆ ನೀವು ನೋಡಿಕೊಳ್ಳುತ್ತೀರಾ?' ಕೆಲಸ ಇಷ್ಟೇ, ಮುಗಿಯುವ ದಿನ ಇಂಥದ್ದು ಎಂದು ಗೊತ್ತಿದ್ದರೆ ಒಪ್ಪುವವರು ಹೆಚ್ಚು. ಬೀಗದ ಕೈ ಕನಿಷ್ಠ ಇಬ್ಬರಲ್ಲಿರಲಿ.

ತಾಲ್ಲೂಕು ಕೇಂದ್ರಗಳಲ್ಲಿ ಟೆನಿಸ್ ಆಡುವವರಲ್ಲಿ ಬ್ಯಾಂಕಿನವರು, ಡಾಕ್ಟರುಗಳು, ಅಧಿಕಾರಿಗಳು ಹೆಚ್ಚು, ಅವರಿಗೆ ವರ್ಗಾವಣೆ ತಪ್ಪಿದ್ದಲ್ಲ. ಅಧಿಕಾರಿಯೊಬ್ಬರನ್ನು ಗೌರವಾಧ್ಯಕ್ಷರನ್ನಾಗಿ ಮಾಡಿಕೊಳ್ಳುವುದು ಪರವಾನಗಿ ಕೆಲಸಗಳಿಗೆ ಒಳ್ಳೆಯದೇ. ಆದರೆ ಚೆಕ್ಕಿಗೆ ಸಹಿ ಮಾಡುವ ಅಧಿಕಾರ ಅಲ್ಲಿಡಬೇಡಿ. ಅವರು ವರ್ಗವಾಗಿ ಹೋದರೆ ಹೊಸ ಸಹಿ ಬ್ಯಾಂಕಿನಲ್ಲಿ ದಾಖಲಾಗುವವರೆಗೆ ಚೆಂಡಿನ ದುಡ್ಡನ್ನೂ ತೆಗೆಯಲಾಗದು. ಊರಲ್ಲೇ ನೆಲೆನಿಂತ ಮೂವರ ಹೆಸರು ಕೊಟ್ಟು, ಯಾರಾದರೂ ಇಬ್ಬರ ಸಹಿ ಸಾಕು ಎಂದು ಬರೆಸಿ.

ಸಂಘದ ಹೆಸರಿನಲ್ಲಿ ಖಾತೆ ತೆರೆಯಲು ಬ್ಯಾಂಕಿನವರು ಸಾಮಾನ್ಯವಾಗಿ ನೋಂದಣಿ ಕೇಳುತ್ತಾರೆ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಪ್ರಕಾರ ಕನಿಷ್ಠ ಏಳು ಜನ ಸೇರಿ ಉದ್ದೇಶಗಳ ಜ್ಞಾಪನ ಪತ್ರ ಮತ್ತು ಬೈಲಾದೊಂದಿಗೆ ಜಿಲ್ಲಾ ಸಂಘಗಳ ನೋಂದಣಾಧಿಕಾರಿಗೆ ಅರ್ಜಿ ಕೊಡಬಹುದು. ಬೈಲಾದಲ್ಲಿ ಪದಾಧಿಕಾರಿಗಳ ಅವಧಿ ಎರಡು ವರ್ಷ, ಸತತ ಎರಡು ಅವಧಿ ಮೀರುವಂತಿಲ್ಲ ಎಂದು ಈಗಲೇ ಬರೆಯಿರಿ, ಆಮೇಲೆ ಬರೆಯುವುದು ಕಷ್ಟ. ನೋಂದಣಿಯಾದ ಮೇಲೆ ಮರೆಯುವ ಕೆಲಸ ಒಂದಿದೆ: ಪ್ರತಿವರ್ಷ ವಾರ್ಷಿಕ ಸಾಮಾನ್ಯ ಸಭೆ ನಡೆಸಿ, 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕಪತ್ರವನ್ನು ನೋಂದಣಾಧಿಕಾರಿಗೆ ಸಲ್ಲಿಸುವುದು. ನಾಲ್ಕೈದು ವರ್ಷ ಬಿಟ್ಟು, ಅನುದಾನಕ್ಕೆ ಅರ್ಜಿ ಹಾಕುವಾಗ ನೆನಪಾದರೆ ಪರದಾಟ. ದೇಣಿಗೆ ಕೊಡುವವರಿಗೆ 80ಜಿ ಎಂದು ಕರೆಯುವ ತೆರಿಗೆ ವಿನಾಯಿತಿ ಸಿಗಲು ಆದಾಯ ತೆರಿಗೆ ಇಲಾಖೆಯಲ್ಲಿ ಬೇರೆಯೇ ನೋಂದಣಿ ಬೇಕು, ಸಂಘ ನೋಂದಾಯಿಸಿದ ಮಾತ್ರಕ್ಕೆ ಅದು ಬರುವುದಿಲ್ಲ. ಕ್ಯೂಆರ್ ಕೋಡ್ ಸಂಘದ ಖಾತೆಯದ್ದೇ ಆಗಿರಲಿ. ಕಾರ್ಯದರ್ಶಿಯ ಸ್ವಂತ ನಂಬರಿಗೆ ಚಂದಾ ಬೀಳುತ್ತಿದ್ದರೆ ಅವರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಒಂದು ದಿನ ಮಾತು ಬರುತ್ತದೆ.

ಜಾಗದ ಒಪ್ಪಂದವೂ ಬರೆಹದಲ್ಲಿರಬೇಕು. ಕ್ರೀಡಾಂಗಣ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯದ್ದೋ ಪುರಸಭೆಯದ್ದೋ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಕರೆಂಟು, ನೀರಿನ ಬಿಲ್ಲು ಯಾರದು, ಸಂಘಕ್ಕೆ ಯಾವ ಹೊತ್ತು, ಸಾರ್ವಜನಿಕರಿಗೆ ಯಾವ ಹೊತ್ತು, ಅವಧಿ ಎಷ್ಟು ವರ್ಷ ಎಂಬುದರ ಜೊತೆಗೆ, ಸಮಾರಂಭಗಳಿಗೆ ಕೋರ್ಟಿನ ಮೇಲೆ ಶಾಮಿಯಾನ ಹಾಕುವಂತಿಲ್ಲ ಎಂಬ ಸಾಲೂ ಇರಲಿ. ಕಂಬಕ್ಕೆಂದು ಹಾರೆಯಲ್ಲಿ ತೆಗೆದ ನಾಲ್ಕು ಗುಂಡಿ ಮಣ್ಣಿನ ಕೋರ್ಟಿಗೆ ಒಂದು ತಿಂಗಳ ಕೆಲಸ, ಸಿಮೆಂಟಿಗೆ ಶಾಶ್ವತ ಗಾಯ. ಈ ಪತ್ರ ಕೈಗೆ ಬರುವವರೆಗೆ ಸಿಮೆಂಟಿನ ಮೇಲೆ ಬಳಿಯುವ ಅಕ್ರಿಲಿಕ್ ಹೊದಿಕೆಗೆ ಒಂದು ರೂಪಾಯಿಯನ್ನೂ ಹಾಕಬೇಡಿ.

ಹಣದ ವಿಷಯದಲ್ಲಿ ನನ್ನದು ಎರಡೇ ಮಾತು. ಆಜೀವ ಸದಸ್ಯತ್ವ ಮಾರಬೇಡಿ. ಆ ಇಡಿಗಂಟು ಒಂದೇ ವರ್ಷದಲ್ಲಿ ಖರ್ಚಾಗುತ್ತದೆ, ಸದಸ್ಯರು ಇಪ್ಪತ್ತು ವರ್ಷ ಚಂದಾ ಇಲ್ಲದೆ ಆಡುತ್ತಾರೆ. ತಿಂಗಳ ಚಂದಾ, ಮನೆಮಂದಿಗೆಲ್ಲ ಸೇರಿ ಒಂದು ಕುಟುಂಬ ಚಂದಾ, ಹೊಸಬರಿಗೆ ಎರಡು ವಾರ ಉಚಿತ, ಇಷ್ಟಿರಲಿ. ಎರಡನೆಯದು, ಕೋರ್ಟಿನ ನಿಧಿ. ಅಕ್ರಿಲಿಕ್ ಹೊದಿಕೆ ಹಾಕಿಸಿದರೆ ಸಾಮಾನ್ಯವಾಗಿ ಐದರಿಂದ ಎಂಟು ವರ್ಷಕ್ಕೆ ಮತ್ತೆ ಬಳಿಸಬೇಕಾಗುತ್ತದೆ. ಆ ಖರ್ಚಿನ ಆರನೆಯ ಒಂದು ಭಾಗವನ್ನು ಪ್ರತಿವರ್ಷ ಠೇವಣಿ ಇಡದ ಸಂಘಗಳು ಆರನೆಯ ವರ್ಷ ಶಾಸಕರ ಮನೆಬಾಗಿಲಲ್ಲಿ ನಿಲ್ಲುತ್ತವೆ.

ಸದ್ಯಕ್ಕೆ ಇರುವ ಕೋರ್ಟನ್ನೇ ಸರಿಯಾಗಿಡಿ. ಮಣ್ಣಿನದಕ್ಕೆ ಸಂಜೆ ಆಟ ಮುಗಿದ ಮೇಲೆ ಗೋಣಿಚೀಲ ಎಳೆದು ಸಮ ಮಾಡಿ, ನೀರು ಚಿಮುಕಿಸಿ, ಬೆಳಿಗ್ಗೆ ರೋಲರ್ ಹಾಕಿ. ಅಂಗೈ ಒತ್ತಿದರೆ ತಂಪು ತಗುಲಬೇಕು, ಮಣ್ಣು ಅಂಟಬಾರದು. ಅಂಟುವಾಗ ರೋಲರ್ ಎಳೆದರೆ ಮೇಲ್ಪದರವೇ ಚಕ್ಕೆಯಾಗಿ ರೋಲರ್‌ಗೆ ಸುತ್ತಿಕೊಂಡು ಬರುತ್ತದೆ. ಸಿಮೆಂಟಿನದಕ್ಕೆ ನೀರು ತುಂಬಿ ಹರಿಸಿ ಒಂದು ಗಂಟೆ ಬಿಟ್ಟು ನೋಡಿ. ಎಲ್ಲಿ ನೀರು ಒಂದೂವರೆ ಮಿಲಿಮೀಟರ್‌ಗಿಂತ ಆಳ ನಿಂತಿದೆಯೋ ಅದರ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ, ಮೊದಲು ತುಂಬಬೇಕಾದ್ದು ಅಲ್ಲಿ. ಮುಂದೆ ಹೊಸ ಕೋರ್ಟ್ ಕಟ್ಟಿಸಿದರೆ ಇಳಿಜಾರು ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ, ಒಂದೇ ಸಮತಲದಲ್ಲಿ, 100 ಅಡಿಗೆ 10ರಿಂದ 12 ಇಂಚು ಇರಲಿ. ನೆಟ್‌ನಿಂದ ಎರಡೂ ಕಡೆಗೆ ಇಳಿಸುವ ಗುತ್ತಿಗೆದಾರರ ಮಾತು ಕೇಳಬೇಡಿ. ನೆಟ್‌ನ ನಡುವಿನ ಎತ್ತರ ಮೂರು ಅಡಿ. ಟೇಪ್ ಇಲ್ಲದಿದ್ದರೆ 27 ಇಂಚಿನ ರ‍್ಯಾಕೆಟ್ ನಿಲ್ಲಿಸಿ, ಅದರ ಮೇಲೆ ಇನ್ನೊಂದನ್ನು ಅಡ್ಡ ಇಟ್ಟರೆ ಅದರ ತಲೆಯ ಅಗಲ ಸೇರಿ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ.

ಕೋಚ್ ಬಿಟ್ಟು ಹೋದದ್ದಕ್ಕೆ ನನ್ನ ಊಹೆ ಇಷ್ಟು: ಬ್ಯಾಚಿನಲ್ಲಿ ಏಳೆಂಟು ಮಕ್ಕಳಿದ್ದರು, ಕೋಚಿಗೆ ಬಸ್ ಖರ್ಚೂ ಹುಟ್ಟಲಿಲ್ಲ. ಎರಡು ಬ್ಯಾಚ್ ಕೆಂಪು ಚೆಂಡಿನ ಮಕ್ಕಳು ಕಿತ್ತಳೆಗೆ ಬಂದ ಮೇಲೆ ಕೋಚ್ ಕರೆಸಿ. ಆಗ ವಾರಕ್ಕೆ ಎರಡೇ ದಿನವಾದರೂ ತುಂಬಿದ ಬ್ಯಾಚ್ ಸಿಗುತ್ತದೆ. ತಿಂಗಳಿಗೆ ಇಷ್ಟು ಖಾತ್ರಿ ಹಣ, ಮೇಲೆ ಬರುವ ಶುಲ್ಕದಲ್ಲಿ ಪಾಲು ಎಂದು ಬರೆದುಕೊಳ್ಳಿ. ಮಕ್ಕಳು ಮೊದಲ ದಿನದಿಂದಲೇ ಸಂಘದ ಸದಸ್ಯರಾಗಿರಲಿ, ಶುಲ್ಕ ಸಂಘದ ಖಾತೆಗೆ ಬರಲಿ. ಇಲ್ಲವಾದರೆ ಕೋಚ್ ಹೋದ ದಿನ ಮಕ್ಕಳೂ ಹೋಗುತ್ತಾರೆ.

ಪಂದ್ಯಗಳು ಬೇಕೇಬೇಕು, ಆದರೆ ಓಪನ್ ಟೂರ್ನಿ ಈಗ ಬೇಡ. ಧಾರವಾಡ, ಕಲಬುರಗಿಯಲ್ಲಿ 2023ರಲ್ಲಿ ಐಟಿಎಫ್ ಪುರುಷರ ಟೂರ್ನಿಗಳೇ ನಡೆದವು. ಅಂಥದ್ದು ದೊಡ್ಡ ಕ್ರೀಡಾಂಗಣ, ದೊಡ್ಡ ಬಂಡವಾಳದ ಕೆಲಸ. ಅಮೆರಿಕದಲ್ಲಿ ಊರಿನ ಟೆನಿಸ್ ಸಂಘಗಳನ್ನು ಹಿಡಿದಿಟ್ಟಿರುವುದು ಲೆವೆಲ್ ಪ್ರಕಾರದ ಲೀಗ್: ಆಟದ ಮಟ್ಟಕ್ಕೆ ಒಂದೊಂದು ಅಂಕಿ ಇರುತ್ತದೆ, 3.0 ಆಟಗಾರರು 3.0ರವರೊಡನೆ, 3.5ರವರು 3.5ರವರೊಡನೆ. ನಿಮಗೆ ನಿಮ್ಮ ಊರೂ ಸೇರಿ ಸುತ್ತಲಿನ ನಾಲ್ಕು ಊರು ಸಾಕು. ಪ್ರತಿ ಊರೂ ಉಳಿದ ಮೂರರೊಡನೆ ಒಮ್ಮೆ ಆಡಿದರೆ ಆರು ಭಾನುವಾರದ ಮುಖಾಮುಖಿ. ಪ್ರತಿ ಮುಖಾಮುಖಿಯಲ್ಲಿ ಮೂರು ಡಬಲ್ಸ್: ಒಂದು ಯಾರಿಗಾದರೂ, ಒಂದು 45 ದಾಟಿದವರಿಗೆ, ಒಂದು ಮಿಶ್ರ. ಮಿಶ್ರ ಕಡ್ಡಾಯವಾದರೆ ಪ್ರತಿ ಊರೂ ಹೆಂಗಸರನ್ನು ಕೋರ್ಟಿಗೆ ಕರೆತರಲೇಬೇಕಾಗುತ್ತದೆ. ನಾಲ್ಕು ಗೇಮಿನ ಚಿಕ್ಕ ಸೆಟ್, ಒಂದೊಂದು ಸೆಟ್ ಆದರೆ ಹತ್ತು ಪಾಯಿಂಟಿನ ಟೈಬ್ರೇಕ್. ಎರಡು ಕೋರ್ಟಿದ್ದರೆ ಮಧ್ಯಾಹ್ನದ ಊಟಕ್ಕೆ ಮುಗಿಯುತ್ತದೆ. ಡಿಸೆಂಬರಿನಿಂದ ಫೆಬ್ರುವರಿ ಇದಕ್ಕೆ ಒಳ್ಳೆಯ ಕಾಲ.

ಊರೊಳಗೆ ಎಂಟು ಜನರ ಸಿಂಗಲ್ಸ್ ಇಟ್ಟರೆ, ಸೋತವರು ಸೋತವರೊಡನೆ, ಗೆದ್ದವರು ಗೆದ್ದವರೊಡನೆ ಆಡುತ್ತಾ ಹೋಗುವ ಡ್ರಾ ಹಾಕಿ. ಎಲ್ಲರಿಗೂ ಮೂರು ಪಂದ್ಯ ಖಚಿತ. ರಾಜ್ಯ ಸಂಸ್ಥೆಯೊಡನೆ ಸಂಯೋಜನೆ, ರ‍್ಯಾಂಕಿಂಗ್ ಟೂರ್ನಿ ಇವೆಲ್ಲ ನಿಮ್ಮ ಮಕ್ಕಳು ಹಸಿರು ಚೆಂಡು ದಾಟಿದ ಮೇಲಿನ ಮಾತು.

ಬೆಳವಣಿಗೆಯನ್ನು ಅಳೆಯಲು ರಸೀದಿ ಪುಸ್ತಕದ ಹೆಸರುಗಳನ್ನು ಎಣಿಸಬೇಡಿ. ಈ ವಾರ ಒಮ್ಮೆಯಾದರೂ ಕೋರ್ಟಿಗಿಳಿದವರೆಷ್ಟು, ಮೊದಲ ಬ್ಯಾಚಿನ 16 ಮಕ್ಕಳಲ್ಲಿ ಎರಡನೆಯ ಬ್ಯಾಚಿಗೆ ಬಂದವರೆಷ್ಟು, ಇವೆರಡನ್ನು ಬರೆದಿಡಿ. 16ರಲ್ಲಿ ಐದೇ ಮಕ್ಕಳು ಮರಳಿದರೆ ಹೊಸ ಮಕ್ಕಳನ್ನು ಹುಡುಕುವ ಮೊದಲು ಆ ಗಂಟೆಯಲ್ಲಿ ನಡೆಯುತ್ತಿರುವುದನ್ನು ನೋಡಿ. ಬಹಳ ಸಲ ಅಲ್ಲಿ ಮತ್ತೆ ಸಾಲು ಶುರುವಾಗಿರುತ್ತದೆ.

ಲೈಟ್ ಕೊನೆಗೆ. ಸಂಜೆ 4:30ರಿಂದ 6:30 ವಾರಕ್ಕೆ ಐದು ದಿನವಾದರೂ ಎರಡೂ ಕೋರ್ಟು ತುಂಬಿ, ಶನಿವಾರದ ಡಬಲ್ಸ್ ಕತ್ತಲೆಯಿಂದಾಗಿ ನಿಲ್ಲಿಸಬೇಕಾಗಿ ಬಂದಾಗ ಅದರ ಅರ್ಜಿ ಬರೆಯಿರಿ. ಹವ್ಯಾಸಿ ಆಟಕ್ಕೆ ಕೋರ್ಟಿನ ಮೇಲೆ ಸರಾಸರಿ 200 ಲಕ್ಸ್ (ನೆಲದ ಮೇಲೆ ಬೀಳುವ ಬೆಳಕಿನ ಅಳತೆ) ಸಾಕು. ಅಂದಾಜುಪಟ್ಟಿಯಲ್ಲಿ ದೀಪದ ವ್ಯಾಟ್ ಜೊತೆಗೆ ಈ ಅಂಕಿಯನ್ನೂ ಬರೆಸಿ, ಕಂಬಗಳನ್ನು ಹಿಂಗೆರೆಯ ಹಿಂದೆ ಹಾಕಿಸದೆ ಪಕ್ಕದ ಗೆರೆಗಳ ಆಚೆ ಹಾಕಿಸಿ. ಹಿಂದೆ ನಿಲ್ಲಿಸಿದರೆ ಎದುರಾಳಿಯ ಚೆಂಡು ನೋಡುವಾಗಲೆಲ್ಲ ಬೆಳಕು ನೇರ ಕಣ್ಣಿಗೆ ಬೀಳುತ್ತದೆ.